ಮೂವತ್ತಮೂರು ಎಣಿಸುವವರೆಗೆ

ಹೋದ ವರ್ಷ ಚಾಚಾ ತೀರಿಕೊಂಡ ಮೇಲೆ ಅವರ ಕೋಣೆಯ ಗೋಡೆಯಲ್ಲಿದ್ದ ಕೇಪಿನ ಕೋವಿಯನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಮಗ ದುಬೈಯಲ್ಲಿದ್ದಾನೆ. ಹೆಣ್ಣುಮಕ್ಕಳು ಮದುವೆಯಾಗಿ ದೂರ ಹೋಗಿದ್ದಾರೆ. ಪರವಾನಗಿ ಇದ್ದವರು ಸತ್ತ ಮೇಲೆ ಕೋವಿ ಹಾಗೆಯೇ ಮನೆಯಲ್ಲಿರುವಂತಿಲ್ಲ. ಠಾಣೆಗೆ ಒಪ್ಪಿಸಬೇಕು, ಇಲ್ಲವೇ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಮಾಡಿಸಿಕೊಳ್ಳಬೇಕು. "ನೀನು ಕಥೆ ಬರೆಯುವವನು, ಒಂದು ಅರ್ಜಿ ಬರೆಯೋದು ಕಷ್ಟವಾ ಬೇಟಾ?" ಎಂದು ಚಾಚಿ ಆ ಕೆಲಸವನ್ನು ನನಗೆ ವಹಿಸಿದರು. ಅವರಿಗೆ ಗೊತ್ತಿರಲಿಲ್ಲ, ಆ ಕೋವಿಯ ವಿಷಯದಲ್ಲಿ ನಾನೊಂದು ಬಾಕಿ ಉಳಿಸಿಕೊಂಡಿದ್ದೇನೆಂದು.

ಕೋವಿ ಮೂಲತಃ ನಮ್ಮ ದಾದಾನದು. ಮಲೆನಾಡಿನ ನಮ್ಮ ಹಳ್ಳಿಯಲ್ಲಿ ಎರಡು ಬಗೆಯ ಕೋವಿಗಳಿದ್ದವು. ತೋಟದ ಸಾಹುಕಾರರಲ್ಲಿ ತೋಟೆ ಕೋವಿ, ನಮ್ಮಂಥ ಗದ್ದೆಯವರಲ್ಲಿ ಕೇಪಿನ ಕೋವಿ. ತೋಟೆ ಕೋವಿಗೆ ಅಂಗಡಿಯಿಂದ ತಂದ ತೋಟೆ ಹಾಕಿದರೆ ಮುಗಿಯಿತು. ಕೇಪಿನ ಕೋವಿಯದು ದೊಡ್ಡ ಸಂಸಾರ. ನಳಿಗೆಯ ಬಾಯಿಂದ ಮಸಿ ಸುರಿಯಬೇಕು, ಅದರ ಮೇಲೆ ನಾರಿನ ಉಂಡೆ ಇಟ್ಟು ಗಜದಿಂದ ತಟ್ಟಬೇಕು, ಆಮೇಲೆ ಚರೆ, ಮತ್ತೆ ನಾರು. ಕೊನೆಗೆ ಹಿಂದಿನ ಸಣ್ಣ ಮೂತಿಯ ಮೇಲೆ ಕೇಪು ಕೂರಿಸಿ ಕುದುರೆ ಎಳೆದರೆ ಒಂದು ಈಡು ತಯಾರು. ಅದು ತಪ್ಪಿದರೆ ಇನ್ನೊಂದು ಈಡು ತುಂಬುವಷ್ಟರಲ್ಲಿ ಪ್ರಾಣಿ ಮುಂದಿನ ಊರು ಸೇರಿರುತ್ತಿತ್ತು.

ಉಂಡೆಗೆ ದಾದಾ ಮೊದಲು ಹಳೆಯ ಕನ್ನಡ ಪತ್ರಿಕೆಯ ಹಾಳೆ ಬಳಸುತ್ತಿದ್ದರು. ಉರ್ದು ಪತ್ರಿಕೆಯನ್ನು ಮುಟ್ಟುತ್ತಿರಲಿಲ್ಲ. ಅದರಲ್ಲಿ ಅಲ್ಲಾಹನ ಹೆಸರಿರಬಹುದು, ಸುಡಬಾರದು ಎಂಬ ಅದಬು. ಆಗ ನಾನು ಬೆಳಿಗ್ಗೆ ಮದರಸಾದಲ್ಲಿ ಉರ್ದು, ಹಗಲು ಸರ್ಕಾರಿ ಶಾಲೆಯಲ್ಲಿ ಕನ್ನಡ ಓದುತ್ತಿದ್ದೆ. "ಕನ್ನಡ ಪೇಪರಿನಲ್ಲೂ ದೇವರ ಹೆಸರು ಇರುತ್ತದಲ್ಲ ದಾದಾ?" ಎಂದು ಒಮ್ಮೆ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಮರುದಿನದಿಂದ ನಮ್ಮ ಕೋವಿಗೆ ತೆಂಗಿನ ನಾರು ಬಂತು.

ಕೇಪಿನ ಕೋವಿಯನ್ನು ನಂಬಬಹುದೇ ಎಂದು ಕೇಳಿದರೆ ಊರಿನಲ್ಲಿ ಎರಡು ಉತ್ತರಗಳಿದ್ದವು. ತೋಟೆ ಕೋವಿಯವರು ನಗುತ್ತಿದ್ದರು. ದಾದಾ ಮಾತ್ರ, "ಕೋವಿ ಮೋಸ ಮಾಡೋದಿಲ್ಲ, ಇಟ್ಟುಕೊಂಡವನು ಮಾಡ್ತಾನೆ" ಅನ್ನುತ್ತಿದ್ದರು. ಅವರ ಮಾತಿನಲ್ಲಿ ತಥ್ಯವಿದೆ ಎಂದು ಮುಂದೆ ಓದುವಾಗ ನನಗೆ ತಿಳಿಯಿತು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಈ ಮಸಿ ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯೊಂದಿಗಿನ ಪುಡಿಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟ ಗಾಳಿಯ ತೇವವನ್ನು ಹೀರುತ್ತದೆ, ಕಬ್ಬಿಣವನ್ನು ತಿನ್ನುತ್ತದೆ, ಕೇಪಿನ ಕಿಡಿ ಒಳಹೋಗುವ ಸೂಜಿಯಂಥ ದಾರಿಯನ್ನು ಮುಚ್ಚುತ್ತದೆ. ಆಗ ಕೇಪು ಸಿಡಿದರೂ ಒಳಗಿನ ಮಸಿಗೆ ಬೆಂಕಿ ಮುಟ್ಟುವುದಿಲ್ಲ. ಅದಕ್ಕೇ ದಾದಾ ಈಡು ಹೊಡೆದ ದಿನವೇ ನಳಿಗೆಗೆ ಕುದಿಯುವ ನೀರು ಹೊಯ್ದು ತೊಳೆಯುತ್ತಿದ್ದರು. ಕೇಪಿನ ಅಂಚಿಗೆ ಜೇನುಮೇಣ ಹಚ್ಚುತ್ತಿದ್ದರು. ಮಸಿ ತುಂಬಿದ ಬಿದಿರಿನ ಅಂಡೆಯನ್ನು ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿಡಲು ಹೋಗಿ ದಾದಿಯಿಂದ ಬೈಸಿಕೊಳ್ಳುತ್ತಿದ್ದರು.

ಈ ಕೇಪು ಬರುವ ಮೊದಲು ಚಕಮಕಿ ಕಲ್ಲಿನ ಕೋವಿಗಳಿದ್ದವು. ಅವುಗಳಲ್ಲಿ ಕಲ್ಲಿನ ಕಿಡಿ ಮೊದಲು ಹೊರಗಿನ ತಟ್ಟೆಯ ಮಸಿಗೆ ತಾಗಿ ಭಗ್ಗೆನ್ನುತ್ತಿತ್ತು, ಆಮೇಲೆ ಗುಂಡು ಹೊರಡುತ್ತಿತ್ತು. ಆ ಬೆಳಕಿಗೇ ಹಕ್ಕಿಗಳು ಹಾರಿಹೋಗುತ್ತವೆಂದು ಬೇಸತ್ತ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸೈತ್, ಪೆಟ್ಟಿಗೆ ಸಿಡಿಯುವ ಮದ್ದಿನ ಉಪಾಯ ಕಂಡುಹಿಡಿದು 1807ರಲ್ಲಿ ಹಕ್ಕು ಪಡೆದ. ಕೇಪು ಹುಟ್ಟಿದ್ದು ಅದರಿಂದಲೇ. 1834ರಲ್ಲಿ ಇಂಗ್ಲೆಂಡಿನ ವೂಲಿಚ್‌ನಲ್ಲಿ ಎರಡೂ ಬಗೆಯ ಕೋವಿಗಳಿಂದ ಆರಾರು ಸಾವಿರ ಈಡು ಹೊಡೆದು ನೋಡಿದರು. ಕಲ್ಲಿನವು 922 ಸಲ ಕೈಕೊಟ್ಟವು, ಕೇಪಿನವು 36 ಸಲ. ಅಂದರೆ ಒಂದು ಆರು ಏಳು ಈಡಿಗೊಮ್ಮೆ, ಇನ್ನೊಂದು ನೂರರವತ್ತು ಈಡಿಗೊಮ್ಮೆ. ದಾದಾನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದರೆ ಖುಷಿಪಡುತ್ತಿದ್ದರು.

ಶಾಲೆಯಲ್ಲಿ 1857ರ ಪಾಠ ಬಂದಾಗ ಆ ಸಿಪಾಯಿಗಳ ಎನ್‌ಫೀಲ್ಡ್ ರೈಫಲ್ಲು ಕೂಡ ಬಾಯಿಂದ ತುಂಬುವಂಥದ್ದೇ ಎಂದು ತಿಳಿದು ರೋಮಾಂಚನವಾಗಿತ್ತು. ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿದು ಮಸಿಯನ್ನು ನಳಿಗೆಗೆ ಸುರಿಯಬೇಕಿತ್ತು. ಅದಕ್ಕೆ ಹಚ್ಚಿದ ಕೊಬ್ಬು ದನದ್ದೋ ಹಂದಿಯದೋ ಎಂಬ ಸಂಶಯ ಹಿಂದೂ ಮುಸ್ಲಿಂ ಸಿಪಾಯಿಗಳನ್ನು ಒಟ್ಟಿಗೆ ಕಾಡಿತು. ಅದೇ ವರ್ಷ ಮುಧೋಳದ ಕಡೆಯ ಹಲಗಲಿಯಲ್ಲಿ ಬೇಡರು ತಮ್ಮ ಆಯುಧ ಕೊಡುವುದಿಲ್ಲವೆಂದು ಸಿಡಿದೆದ್ದರು. ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ದಾದಾ ತಮ್ಮ ಕೋವಿಯ ಕಡೆ ಹೊಸದಾಗಿ ನೋಡಿದರು.

ದಾದಾನ ಶಿಕಾರಿಯ ದಿನಗಳು ನಾನು ಹುಟ್ಟುವ ಮೊದಲೇ ಮುಗಿದಿದ್ದವು. 1972ರ ವನ್ಯಜೀವಿ ಕಾಯಿದೆಯ ಸುದ್ದಿ ಊರಿಗೆ ಬಂದ ಮೇಲೆ ಅವರು ಕಾಡಿಗೆ ಹೋಗುವುದನ್ನು ನಿಲ್ಲಿಸಿದರು. ಆದರೆ ಕಥೆಗಳಿದ್ದವು. ನಾವು ಹನಫಿಗಳು. ಗುಂಡೇಟಿನಿಂದಲೇ ಸತ್ತ ಪ್ರಾಣಿ ಪೆಟ್ಟಿನಿಂದ ಸತ್ತಂತೆ, ಜೀವವಿರುವಾಗಲೇ ತಲುಪಿ ಝಬಹ್ ಮಾಡಿದರೆ ಮಾತ್ರ ಹಲಾಲ್ ಎಂಬುದು ನಮ್ಮ ಕಡೆಯ ಉಲಮಾಗಳ ಮಾತು. ಆದ್ದರಿಂದ ದಾದಾ ದೂರದಿಂದ ಹೊಡೆಯುತ್ತಲೇ ಇರಲಿಲ್ಲ. ಓಡಿಹೋಗಿ ಮುಟ್ಟಬಹುದಾದಷ್ಟು ಹತ್ತಿರ ಬರುವವರೆಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ತಲುಪುವ ಮೊದಲೇ ಕಾಡುಕುರಿ ಸತ್ತಿದ್ದರೆ ಅದು ಪಕ್ಕದ ಗೌಡರ ಮನೆಗೆ. "ನಿಮ್ಮ ದಾದಾನ ಕಾಲು ನಿಧಾನವಾದಷ್ಟೂ ನಮಗೆ ಹಬ್ಬ" ಎಂದು ಗೌಡರು ನನ್ನೆದುರು ನಗುತ್ತಿದ್ದರು.

ನನ್ನ ಕಾಲಕ್ಕೆ ಕೋವಿಗೆ ಉಳಿದಿದ್ದುದು ಬೆಳೆ ಕಾಯುವ ಪರವಾನಗಿ ಮಾತ್ರ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಬರುತ್ತಿದ್ದವು. ಚರೆ ಹಾಕದೆ ಬರೀ ಮಸಿ, ನಾರು ತುಂಬಿ ಆಕಾಶಕ್ಕೆ ಹೊಡೆದು ಹೆದರಿಸಬೇಕೆಂಬುದು ದಾದಾನ ಕಟ್ಟಪ್ಪಣೆ. ಅವರದು ಇನ್ನೊಂದು ನಿಯಮವಿತ್ತು. ಕೇಪು ಸಿಡಿದು ಈಡು ಹಾರದಿದ್ದರೆ ಕೋವಿಯನ್ನು ಇಳಿಸಬಾರದು. ನಳಿಗೆ ಖಾಲಿ ಜಾಗದ ಕಡೆಗೇ ಇರಬೇಕು. ನಮಾಜಿನ ನಂತರದ ತಸ್ಬೀಹಿನಂತೆ ಮೂವತ್ತಮೂರು ಸಲ ಸುಬ್‌ಹಾನಲ್ಲಾಹ್ ಹೇಳಬೇಕು. ಒಳಗೆ ಎಲ್ಲೋ ಕಿಡಿ ಹೊಗೆಯಾಡುತ್ತಿದ್ದರೆ ಅಷ್ಟರೊಳಗೆ ಗೊತ್ತಾಗುತ್ತದೆ.

ನನಗೆ ಹತ್ತು ವರ್ಷವಿರಬಹುದು. ಇಬ್ಬನಿ ಸುರಿಯುವ ರಾತ್ರಿ. ಗದ್ದೆಯ ಅಟ್ಟಣೆಯ ಮೇಲೆ ಚಾಚಾ ಮತ್ತು ನಾನು. ಚಾಚಾ ಅಂದು ದಾದಾನಿಗೆ ಹೇಳದೆ ಚರೆ ತುಂಬಿದ್ದರು. ಎರಡು ದಿನದ ಹಿಂದೆ ಹೊಡೆದ ಕೋವಿಯನ್ನು ತೊಳೆದಿರಲೂ ಇಲ್ಲ. ಹಂದಿಗಳು ಬಂದವು. ಕುದುರೆ ಬಿತ್ತು. ಟಪ್ ಎಂದು ಕೇಪಿನ ಸದ್ದು, ಅಷ್ಟೇ. "ಥೂ ಇದರ" ಎಂದು ಬೈಯುತ್ತ ಚಾಚಾ ಕೋವಿಯನ್ನು ನನ್ನ ಕಡೆಗೆ ಇಳಿಸಿದರು.

ಆಮೇಲಿನದು ನನಗೆ ಬೆಳಕಾಗಿ ನೆನಪಿದೆ, ಸದ್ದಾಗಿ ಅಲ್ಲ. ಚರೆಗಳೆಲ್ಲ ನನ್ನ ಎಡಕಿವಿಯ ಪಕ್ಕದ ಕಂಬಕ್ಕೆ ಹೊಕ್ಕಿದ್ದವು. ಚಾಚಾ ನನ್ನನ್ನು ತಬ್ಬಿಕೊಂಡು ನಡುಗುತ್ತಿದ್ದರು. ಅವರ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆ ಕಿವಿ ಇಂದಿಗೂ ಮಂದ. ಸಭೆಗಳಲ್ಲಿ ನಾನು ಯಾವಾಗಲೂ ಎಡತುದಿಯ ಕುರ್ಚಿ ಹುಡುಕುವುದು ಅದಕ್ಕೇ.

ಬೆಳಿಗ್ಗೆ ದಾದಾ ಅಟ್ಟಣೆ ಹತ್ತಿ ಕಂಬವನ್ನು ಬೆರಳಿನಿಂದ ಸವರಿದರು. ಕೆಳಗಿಳಿದು ನನ್ನ ಬಲಗಿವಿಯ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. "ಎಷ್ಟು ಎಣಿಸಿದಿರಿ?"

ದಾದಾನ ಹಿಂದೆ ಚಾಚಾ ನಿಂತಿದ್ದರು. ಅವರ ಕಣ್ಣು ನನಗೆ ಕಾಣುತ್ತಿತ್ತು. ನಾನು ಹೇಳಿದೆ: "ಮೂವತ್ತಮೂರು."

ದಾದಾ ಏನೂ ಅನ್ನಲಿಲ್ಲ. ಕೋವಿ ತಂದು ಅಂಗಳದಲ್ಲಿ ಕುಳಿತು ಬಹಳ ಹೊತ್ತು ತೊಳೆದರು. ಚರೆಯ ವಿಷಯಕ್ಕೆ ಮಗನಿಗೆ ಬೈದರು, ಆದರೆ ಬೈಗುಳದಲ್ಲಿ ಕಸುವಿರಲಿಲ್ಲ. ಐವತ್ತು ವರ್ಷ ನಂಬಿದ ಕೋವಿ ಅವರ ಮೊಮ್ಮಗನನ್ನು ಕೊಲ್ಲಲು ಹೋಗಿತ್ತು, ಅದೂ ಅವರ ನಿಯಮವನ್ನು ಪಾಲಿಸಿದ ಮೇಲೆ! ಮತ್ತೆಂದೂ ಅವರು ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ಯಾರಾದರೂ ಶಿಕಾರಿಯ ಮಾತೆತ್ತಿದರೆ, "ಮಸಿಯನ್ನು ನಂಬಬಾರದು" ಎಂದು ಎದ್ದುಹೋಗುತ್ತಿದ್ದರು. ನಾನು ಕಾಲೇಜಿಗೆ ಸೇರಿದ ವರ್ಷ ತೀರಿಕೊಂಡರು. ಕೋವಿ ಚಾಚಾನ ಹೆಸರಿಗೆ ಬಂತು. ನಾನೂ ಚಾಚಾನೂ ಆ ರಾತ್ರಿಯ ಬಗ್ಗೆ ಒಮ್ಮೆಯೂ ಮಾತಾಡಲಿಲ್ಲ. ಈದಿನ ದಿನ ಅವರು ಬೇರೆ ಮಕ್ಕಳಿಗಿಂತ ನನಗೆ ಹೆಚ್ಚು ಈದಿ ಕೊಡುತ್ತಿದ್ದರು. ನಾನು ತೆಗೆದುಕೊಳ್ಳುತ್ತಿದ್ದೆ.

ಅರ್ಜಿ ಬರೆಯುವ ಮೊದಲು ಕೋವಿಯನ್ನು ಗೋಡೆಯಿಂದ ಇಳಿಸಿ, ದಾದಾ ಕಲಿಸಿದಂತೆ ನಳಿಗೆಯೊಳಗೆ ಗಜ ಬಿಟ್ಟು ನೋಡಿದೆ. ಖಾಲಿ ಇದ್ದರೆ ಎಷ್ಟು ಇಳಿಯಬೇಕೆಂದು ಅವರು ಗಜದ ಮೇಲೆ ಒಂದು ಗೀರು ಮಾಡಿದ್ದರು. ಗೀರು ನಳಿಗೆಯ ಬಾಯಿಂದ ನಾಲ್ಕು ಬೆರಳು ಮೇಲೆಯೇ ನಿಂತಿತು. ಕೋವಿ ತುಂಬಿತ್ತು.

ಲಕ್ವ ಹೊಡೆದು ಚಾಚಾನ ಬಲಗೈ ಬಿದ್ದುಹೋಗಿ ಹದಿನೈದು ವರ್ಷವಾಗಿತ್ತು. ಅದಕ್ಕೂ ಮೊದಲು ಯಾವುದೋ ರಾತ್ರಿ ತುಂಬಿದ ಈಡು. ಕೇಪಿನ ಕೋವಿಯನ್ನು ಖಾಲಿ ಮಾಡುವ ಸುಲಭದ ದಾರಿ ಹೊಡೆಯುವುದೊಂದೇ. ಕೇಪು ತೆಗೆದರೆ ಸಾಕೆಂದು ಅವರು ಹಾಗೆಯೇ ಬಿಟ್ಟಿರಬೇಕು. ಅಷ್ಟು ವರ್ಷ ಮೊಮ್ಮಕ್ಕಳು ಅದರ ಕೆಳಗೆ ಆಡಿದ್ದವು. ಠಾಣೆಗೆ ತಿಳಿಸಿ, ಪೇದೆಯೊಬ್ಬರನ್ನು ಜೊತೆ ಮಾಡಿಕೊಂಡು ಪೇಟೆಯ ಕೋವಿ ರಿಪೇರಿಯ ಮುದುಕರ ಬಳಿ ಹೋದೆವು. ಅವರು ತಿರುಪಿನ ಕಡ್ಡಿಯಿಂದ ಒಂದೊಂದಾಗಿ ಎಳೆದರು. ತೆಂಗಿನ ನಾರು, ಚರೆ, ಮತ್ತೆ ನಾರು, ಕೊನೆಗೆ ಮಸಿ. "ಇಷ್ಟು ವರ್ಷದ್ದು ಕೆಟ್ಟಿರುತ್ತೆ ಬಿಡಿ" ಎಂದರು ಪೇದೆ. ಮುದುಕರು ಚಿಟಿಕೆಯಷ್ಟನ್ನು ಕಲ್ಲಿನ ಮೇಲಿಟ್ಟು ಉದ್ದನೆಯ ಕಡ್ಡಿಯಿಂದ ಬೆಂಕಿ ತಾಗಿಸಿದರು. ಭಗ್ಗೆಂದು ಉರಿದು ಬಿಳಿ ಹೊಗೆ ಎದ್ದಿತು. ಆ ವಾಸನೆಗೆ ನನ್ನ ಎಡಕಿವಿ ಜುಮ್ಮೆಂದಿತು.

ಒಣಗಿದ್ದರೆ ಮಸಿಗೆ ವಯಸ್ಸಿಲ್ಲ. ಅಮೆರಿಕದ ಅಂತರ್ಯುದ್ಧ ಕಾಲದ ಫಿರಂಗಿ ಗುಂಡೊಂದು 2008ರಲ್ಲಿ ವರ್ಜೀನಿಯಾದಲ್ಲಿ ಸಿಡಿದು ಅದನ್ನು ಶುಚಿ ಮಾಡುತ್ತಿದ್ದವನನ್ನೇ ಕೊಂದಿತ್ತು. ನೂರನಲವತ್ತು ವರ್ಷ ಅದು ಕಾದಿತ್ತು. ಬೇಕಾದಾಗ ಹಾರದೆ, ಬೇಡವಾದಾಗ ಹಾರುವ ವಸ್ತು ಎಂದು ಮಸಿಯನ್ನು ಬೈಯುವುದು ಸುಲಭ. ಆದರೆ ತೇವ ಬಿಟ್ಟವರು, ತೊಳೆಯದವರು, ಎಣಿಸದವರು, ತುಂಬಿಟ್ಟು ಮರೆತವರು ನಾವು. ದಾದಾ ಸರಿಯಾಗಿಯೇ ಹೇಳಿದ್ದರು. ನಾನು ಅವರ ಎದುರು ಕೋವಿಯ ವಿರುದ್ಧ ಸುಳ್ಳು ಗವಾಹಿ ಹೇಳಿ, ಅವರು ಅವರ ಮಾತನ್ನೇ ನಂಬದಂತೆ ಮಾಡಿದ್ದೆ.

ಠಾಣೆಯಲ್ಲಿ ಕೋವಿಯ ಮೇಲಿದ್ದ ನಂಬರು ಬರೆದುಕೊಂಡ ರೈಟರು ತಲೆಯೆತ್ತದೆ ಕೇಳಿದರು, "ಕೋವಿ ಸುಸ್ಥಿತಿಯಲ್ಲಿ ಇದೆಯೋ, ಕೆಟ್ಟಿದೆಯೋ?"

ಅವರು ನನ್ನ ಎಡಕ್ಕೆ ಕುಳಿತಿದ್ದರು. ಕೇಳಿಸದೆ ಇನ್ನೊಮ್ಮೆ ಕೇಳಿದೆ. ಅವರು ಜೋರಾಗಿ ಹೇಳಿದರು.

"ಚೆನ್ನಾಗಿದೆ. ಅದರಲ್ಲಿ ಯಾವ ದೋಷವೂ ಇಲ್ಲ. ಹಾಗೆಯೇ ಬರೆದುಕೊಳ್ಳಿ" ಎಂದೆ.