ಟೊಂಕದ ಕೀಲಿಗೆ ಮೂರು ದಾರಿ

ನಮ್ಮ ಮಮದಾಪುರದಲ್ಲಿ ಟೊಂಕ ನೋಯ್ತೈತಿ ಅಂದವರು ಬೆನ್ನಿನ ಕೆಳಗೆ ಕೈಯಿಟ್ಟು ತೋರಿಸುತ್ತಾರೆ. ಆದರೆ ನಿಜವಾದ ಟೊಂಕದ ಕೀಲು ಸವೆದಾಗ ನೋವು ಹೆಚ್ಚಾಗಿ ಬರೋದು ಮುಂದೆ, ತೊಡೆಸಂದಿನಲ್ಲಿ. ತೊಡೆ ಎಲುಬಿನ ತುದಿಯ ಗುಂಡು ಬಟ್ಟಲಿನಂಥ ಗೂಡಿನಲ್ಲಿ ಕೂತಿರುವ ಜಾಗ ಅದು. ನಮ್ಮ ಆಯಿಗೂ ಹಾಗೇ ಆಗಿತ್ತು. ಬೆಳಗಾವಿಯಲ್ಲಿ ಡಾಕ್ಟರು ಎಕ್ಸ್‌-ರೇ ನೋಡಿ, "ಪೂರ್ತಿ ಕೀಲೇ ಬದಲಿ ಮಾಡಬೇಕು, ಹಿಂದಿನಿಂದ ಹೋಗ್ತೀವಿ" ಅಂದರು. ಕಾಕಾ ಕೂಡಲೇ ಕೇಳಿದ: "ನೋವು ಮುಂದ ಐತಲ್ರಿ ಸರ್, ಹಿಂದಿಂದ ಯಾಕ?"

ಆಯಿಯ ಪ್ರಶ್ನೆ ಬೇರೆ ಇತ್ತು. "ನೆಲದ ಮ್ಯಾಲ ಕುಂತು ರೊಟ್ಟಿ ಬಡಿಯಾಕ ಬರ್ತೈತೇನು? ಬರೂದಿಲ್ಲಂದ್ರ ನನಗ ಆಪರೇಷನ್ನ ಬ್ಯಾಡ."

ಕಾಕಾನ ಪ್ರಶ್ನೆಗೂ ಆಯಿಯ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ ಅಂತ ನಮಗೆ ಗೊತ್ತಾಗಿದ್ದು ಹಾಸ್ಟೆಲಿಗೆ ಬಂದು ಓದಿದ ಮೇಲೆ. ನಾವು ಅಣ್ಣ-ತಮ್ಮ, ಒಬ್ಬ ಮೆಕ್ಯಾನಿಕಲ್, ಒಬ್ಬ ಸಿವಿಲ್.

ಒಳಗೆ ಕೂಡಿಸುವ ಸಾಮಾನು ನಮ್ಮ ಹುಡುಗರಿಗೆ ಬೇಗ ಅರ್ಥವಾಗುತ್ತೆ. ಅದು ಬಾಲ್ ಮತ್ತು ಸಾಕೆಟ್ ಜಾಯಿಂಟ್, ಅಷ್ಟೇ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ 1962ರಲ್ಲಿ ಇದಕ್ಕೊಂದು ಗಟ್ಟಿ ರೂಪ ಕೊಟ್ಟರು. ಮೊದಲು ಟೆಫ್ಲಾನ್ ಬಟ್ಟಲು ಹಾಕಿ ನೋಡಿದ್ದರು, ಅದು ಬೇಗ ಸವೆದುಹೋಯಿತು. ಆಮೇಲೆ ಹೆಚ್ಚು ಅಣುತೂಕದ ಪಾಲಿಎಥಿಲೀನ್ ಬಟ್ಟಲು, ಸ್ಟೀಲಿನ ಗುಂಡು, ಹಿಡಿದಿಡಲು ಅಕ್ರಿಲಿಕ್ ಸಿಮೆಂಟು. ಗುಂಡಿನ ವ್ಯಾಸ ಬರೀ 22.225 ಮಿ.ಮೀ. ಚಿಕ್ಕ ಗುಂಡಾದರೆ ಘರ್ಷಣೆಯ ಟಾರ್ಕ್ ಕಡಿಮೆ ಅನ್ನೋ ಲೆಕ್ಕ. ಈಗ ಸಾಮಾನ್ಯವಾಗಿ 32 ಅಥವಾ 36 ಮಿ.ಮೀ. ಹಾಕುತ್ತಾರೆ. ಗುಂಡು ದೊಡ್ಡದಾದಷ್ಟೂ ಬಟ್ಟಲಿನ ಅಂಚು ದಾಟಿ ಹೊರಗೆ ಜಾರಲು ಹೆಚ್ಚು ದೂರ ಸರಿಯಬೇಕಾಗುತ್ತೆ.

ಈ ಸಾಮಾನು ಯಾವ ಕಡೆಯಿಂದ ಹೋದರೂ ಅದೇ. ಬದಲಾಗೋದು ದಾರಿಯಲ್ಲಿ ಯಾವ ಸ್ನಾಯುವಿಗೆ ಪೆಟ್ಟು ಬೀಳುತ್ತೆ ಅನ್ನೋದು.

ಹಿಂದಿನ ದಾರಿಯಲ್ಲಿ ಕುಂಡೆಯ ದೊಡ್ಡ ಸ್ನಾಯುವಿನ ಎಳೆಗಳನ್ನು ಬಿಡಿಸಿ ಒಳಗೆ ಹೋಗುತ್ತಾರೆ. ಅದರಡಿಯಲ್ಲಿ ಕಾಲನ್ನು ಹೊರಕ್ಕೆ ತಿರುಗಿಸುವ ನಾಲ್ಕಾರು ಸಣ್ಣ ಸ್ನಾಯುಗಳಿವೆ. ಕೆಲವನ್ನು ಎಲುಬಿನಿಂದ ಬಿಡಿಸಿ, ಹಿಂದಿನ ಪೊರೆಯನ್ನು ತೆರೆದು ಗುಂಡನ್ನು ಹೊರತೆಗೆಯುತ್ತಾರೆ. ಕಾಲಿಗೆ ಇಳಿಯುವ ಸಯಾಟಿಕ್ ನರ ಅಲ್ಲೇ ಪಕ್ಕದಲ್ಲಿರುತ್ತೆ, ಅದನ್ನು ಕಾಯಬೇಕು. ಕೀಲು ಚೆನ್ನಾಗಿ ಕಾಣುತ್ತೆ, ನಡೆಸುವ ಮುಖ್ಯ ಸ್ನಾಯುಗಳಿಗೆ ಕೈ ಹಚ್ಚೋದಿಲ್ಲ. ಆದರೆ ಹಿಂದಿನ ಗೋಡೆಯನ್ನೇ ಒಡೆದು ಒಳಹೊಕ್ಕಂಗಾಯ್ತು. ಹೀಗಾಗಿ ಗುಂಡು ಜಾರಿದರೆ ಹಿಂದಕ್ಕೇ ಜಾರುವ ಭಯ. ಒಡೆದ ಗೋಡೆಯನ್ನು, ಅಂದರೆ ಪೊರೆ ಮತ್ತು ಸ್ನಾಯುಗಳನ್ನು, ಮತ್ತೆ ಹೊಲಿದು ಮುಚ್ಚಿದರೆ ಆ ಭಯ ಬಹಳಷ್ಟು ಇಳಿಯುತ್ತೆ.

ಪಕ್ಕದ ದಾರಿಯನ್ನು ಹಾರ್ಡಿಂಜ್ 1982ರಲ್ಲಿ ಬರೆದರು. ಇಲ್ಲಿ ಗೋಡೆ ಉಳಿಯುತ್ತೆ, ಆದರೆ ಟೊಂಕದ ಪಕ್ಕದ ಸ್ನಾಯುವಿನ ಮುಂಭಾಗವನ್ನು ಬಿಡಿಸಬೇಕು. ಇದು ಚಿಲ್ಲರೆ ಸ್ನಾಯು ಅಲ್ಲ. ಒಂದು ಕಾಲ ಮೇಲೆ ನಿಂತಾಗ ದೇಹದ ಭಾರ ಕೀಲಿನಿಂದ ದೂರದಲ್ಲಿ ಎಳೆಯುತ್ತೆ, ಈ ಸ್ನಾಯು ಹತ್ತಿರದಿಂದ ಎದುರು ಎಳೆಯಬೇಕು. ತಕ್ಕಡಿಯ ಗಿಡ್ಡ ತೋಳಿಗೆ ಜೋತುಬಿದ್ದವನ ಪಾಡು. ಹೀಗಾಗಿಯೇ ನಡೆಯುವಾಗ ಕೀಲಿನ ಮೇಲೆ ದೇಹತೂಕದ ಎರಡೂವರೆ-ಮೂರು ಪಟ್ಟು ಬಲ ಬೀಳೋದು. 55 ಕೆ.ಜಿ.ಯ ಆಯಿಗೆ ಅಂದಾಜು ಒಂದೂವರೆ ಕ್ವಿಂಟಲ್! ಆ ಸ್ನಾಯು ಸರಿಯಾಗಿ ಕೂಡದಿದ್ದರೆ ಕುಂಟು ಉಳಿಯುತ್ತೆ. (ಕೋಲನ್ನು ನೋಯದ ಕಡೆಯ ಕೈಯಲ್ಲಿ ಹಿಡೀರಿ ಅನ್ನೋದೂ ಇದೇ ಲೆಕ್ಕದಿಂದ. ಆಯಿ ವರ್ಷಗಟ್ಟಲೆ ನೋಯುವ ಕಡೆಯೇ ಹಿಡಿದಿದ್ದಳು.)

ಮುಂದಿನ ದಾರಿ ಈಗ ಬಹಳ ಹೆಸರು ಮಾಡಿದೆ. ಸ್ನಾಯುಗಳ ನಡುವಿನ ಸಂದಿಯಲ್ಲೇ ಹೋಗೋದು, ಕಡಿಯೋದು ಕಡಿಮೆ. ಮೊದಲ ವಾರಗಳಲ್ಲಿ ಚೇತರಿಕೆ ಚುರುಕಾಗಿರಬಹುದು. ಆದರೆ ತೊಡೆ ಎಲುಬಿನೊಳಗೆ ಕಾಂಡ ಇಳಿಸೋದು ಕಷ್ಟ, ಕಲಿಯಲು ಬಹಳ ಕೇಸುಗಳು ಬೇಕು, ತೊಡೆಯ ಹೊರಮೈ ಜೋಮು ಹಿಡಿಯಬಹುದು. ವರ್ಷ ಕಳೆದ ಮೇಲೆ ಮೂರೂ ದಾರಿಯವರ ನಡಿಗೆಯಲ್ಲಿ ದೊಡ್ಡ ಅಂತರ ಉಳಿಯೋದಿಲ್ಲ. ಜಾಹೀರಾತು ನೋಡಿ ದಾರಿ ಆರಿಸೋದಕ್ಕಿಂತ, ಆ ಡಾಕ್ಟರ ಕೈ ಯಾವ ದಾರಿಯಲ್ಲಿ ಪಳಗಿದೆ ಅಂತ ಕೇಳೋದು ಲೇಸು ಅನ್ನಿಸಿತು ನಮಗೆ. ಕೇಳಿದೆವು. ಅವರು ಎಷ್ಟೋ ವರ್ಷಗಳಿಂದ ಹಿಂದಿನಿಂದಲೇ ಮಾಡುತ್ತಿದ್ದರು.

ಹಾಗಾದರೆ ರೊಟ್ಟಿ? "ನೆಲದ ಮೇಲೆ ಕೂಡಬಾರದು" ಅಂತ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಆದರೆ ನೆಲದ ಮೇಲೆ ಕೂಡೋ ರೀತಿ ಒಂದೇ ಅಲ್ಲವಲ್ಲ. ಹಿಂದಿನಿಂದ ಹೋದಾಗ ಗುಂಡು ಜಾರಿಸುವುದು ಮೂರು ಚಲನೆ ಕೂಡಿದಾಗ: ಟೊಂಕ 90 ಡಿಗ್ರಿಗಿಂತ ಹೆಚ್ಚು ಮಡಚೋದು, ತೊಡೆ ಒಳಕ್ಕೆ ಬರೋದು, ಪಾದ ಹೊರಹೋಗಿ ಮೊಣಕಾಲು ಒಳಕ್ಕೆ ತಿರುಗೋದು. ಚಕ್ಕಳಮಕ್ಕಳ ಹಾಕಿದಾಗ ತೊಡೆ ಹೊರಕ್ಕೆ ಅಗಲುತ್ತೆ, ಕಾಲೂ ಹೊರಕ್ಕೆ ತಿರುಗುತ್ತೆ. ಅಂದರೆ ಮೂರರಲ್ಲಿ ಎರಡು ಉಲ್ಟಾ. ಕುಕ್ಕರಗಾಲಲ್ಲಿ ಮಡಿಕೆ 90 ದಾಟಿ ಎಷ್ಟೋ ಮುಂದೆ ಹೋಗುತ್ತೆ. ಗಿಡ್ಡ ಮಣೆಯ ಮೇಲೆ ಕೂತು ಒಲೆಯತ್ತ ಬಗ್ಗೋದೂ ಹಾಗೇ, ಮೇಲಾಗಿ ಮೊಣಕಾಲು ಒಳಕ್ಕೆ ವಾಲುತ್ತೆ. ಆಯಿ ರೊಟ್ಟಿ ಬಡಿಯೋದು ಸರಿಯಾಗಿ ಹೀಗೇ.

ಡಾಕ್ಟರಿಗೆ ಇದನ್ನೇ ಕೂತು ತೋರಿಸಿದೆವು. "ಮೊದಲ ಮೂರು ತಿಂಗಳು ನೆಲ ಬೇಡ. ಆಮೇಲೆ ನೋಡಿ ಹೇಳ್ತೀನಿ, ಚಕ್ಕಳಮಕ್ಕಳಕ್ಕೆ ಬಿಟ್ಟರೂ ಬಿಡಬಹುದು. ಆದ್ರ ಅಜ್ಜಿ, ಮಣಿ ಮತ್ತ ಕುಕ್ಕರಗಾಲು ಕಾಯಂ ಬಿಡ್ರಿ" ಅಂದರು. ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಬಸ್ಸಿನಲ್ಲಿ ಗೋಕಾಕ ದಾಟಿದ ಮೇಲೆ ಅಂದಳು: "ರೊಟ್ಟಿ ನಿಂತ ಬಡೀಬೇಕಂದ್ರ ಆಗೂದಿಲ್ಲ. ಕುರ್ಚಿ ಮ್ಯಾಲಾದ್ರ ನೋಡ್ತೇನಿ."

ಸಿವಿಲ್‌ನವನ ಕೆಲಸ ಅಲ್ಲಿಂದ ಶುರು. ಆಯಿಯ ಮೊಣಕಾಲಿನ ಎತ್ತರ 41 ಸೆಂ.ಮೀ. ಆಸನ ಅದಕ್ಕಿಂತ ಎತ್ತರ ಇದ್ದರೆ ಮಾತ್ರ ಟೊಂಕದ ಮಡಿಕೆ 90ರ ಒಳಗಿರುತ್ತೆ. 50ಕ್ಕೆ ಕುರ್ಚಿ ಬೆಸುಗೆ ಹಾಕಿಸಿದೆವು, ಅದೇ ಎತ್ತರಕ್ಕೆ ಕಕ್ಕಸಿನ ಕಮೋಡೂ ಬಂತು. ಒಲೆಗೆ 75 ಸೆಂ.ಮೀ.ನ ಕಟ್ಟೆ. ಕಟ್ಟೆ ತಗ್ಗಾದರೆ ಆಯಿ ಮುಂದಕ್ಕೆ ಬಗ್ಗುತ್ತಾಳೆ, ಬಗ್ಗಿದರೂ ಕೋನ ಮುಚ್ಚಿಕೊಳ್ಳುತ್ತೆ.

ಕಟ್ಟೆಯ ಮುಂದೆ ಕೂತು ಆಯಿ ಹಿಟ್ಟಿಲ್ಲದೆ ಬರೀ ಕೈಯಲ್ಲಿ ಬಡಿದು ನೋಡಿದಳು. "ಎರಡ ಬಟ್ಟ ಇಳಸ್ರಿ, ರಟ್ಟಿ ಸೋಲ್ತಾವು." ಒಂದು ಬಟ್ಟಿನಷ್ಟು ಇಳಿಸಿದ್ದೇವೆ. ಆಪರೇಷನ್ ಮುಂದಿನ ತಿಂಗಳು.