ಸಾವಿರದಲ್ಲೊಂದು ಪಾಲಿಗೂ ಕಡಿಮೆ

ಹಳೆಯ ಬೇಸ್‌ಬಾಲ್ ಅಂಕಪಟ್ಟಿಗಳನ್ನು ಪೆನ್ಸಿಲ್ ಹಿಡಿದು ಮರುಲೆಕ್ಕ ಹಾಕುತ್ತ ಓದುವ ಹವ್ಯಾಸಿಗಳಿಗೆ ಫೆಡರಲ್ ಲೀಗಿನ 1915ರ ಪಟ್ಟಿ ಕೊಡುವಷ್ಟು ಸುಖವನ್ನು ಬೇರೆ ಪುಟಗಳು ಕೊಡಲಾರವು. ಅಮೆರಿಕದ ಎರಡು ಸ್ಥಾಪಿತ ಲೀಗುಗಳ ಹಂಗು ತೊರೆದು, ತಾನೂ ಅವುಗಳಿಗೆ ಸರಿಸಮನಾದ 'ಮೇಜರ್' ಲೀಗೆಂದು ಸಾರಿಕೊಂಡು, 1914 ಮತ್ತು 1915ರ ಎರಡೇ ಋತುಗಳಲ್ಲಿ ಆ ಬಾಳನ್ನು ಮುಗಿಸಿದ ಈ ಕೂಟದ ಕೊನೆಯ ಪಟ್ಟಿಯಲ್ಲಿ ಶಿಕಾಗೊ 86 ಗೆದ್ದು 66 ಸೋತಿತ್ತು, ಸೇಂಟ್ ಲೂಯಿಸ್ 87 ಗೆದ್ದು 67 ಸೋತಿತ್ತು, ಪಿಟ್ಸ್‌ಬರ್ಗ್ 86 ಗೆದ್ದು 67 ಸೋತಿತ್ತು.

ಗೆಲುವುಗಳನ್ನು ಫಲಿತಾಂಶ ಕಂಡ ಪಂದ್ಯಗಳಿಂದ ಭಾಗಿಸಿದಾಗ ದೊರೆಯುವ ಗೆಲುವಿನ ಪ್ರಮಾಣವೇ ಸ್ಥಾನವನ್ನು ನಿರ್ಣಯಿಸುತ್ತಿತ್ತು. ಶಿಕಾಗೊದ ಪ್ರಮಾಣ .5658, ಸೇಂಟ್ ಲೂಯಿಸ್‌ನದು .5649, ಹೀಗಾಗಿ ಒಂದು ಗೆಲುವು ಹೆಚ್ಚಿದ್ದ ತಂಡವೇ ಎರಡನೆಯದಾಯಿತು. ಗೆಲುವಿನ ಅಂತರವನ್ನೂ ಸೋಲಿನ ಅಂತರವನ್ನೂ ಕೂಡಿ ಅರ್ಧಮಾಡಿ, ಒಂದು ತಂಡ ಮುಂದಿರುವ ತಂಡಕ್ಕಿಂತ ಎಷ್ಟು ಪಂದ್ಯ ಹಿಂದಿದೆ ಎಂದು ತೋರಿಸುವ 'ಗೇಮ್ಸ್ ಬಿಹೈಂಡ್' ಅಂಕಣದಲ್ಲಿ ಅದರ ಪಾಲಿಗೆ ಬರುವುದು ಸೊನ್ನೆ. ಶಿಕಾಗೊ ಇನ್ನೆರಡು ಪಂದ್ಯ ಆಡಿ ಒಂದನ್ನು ಗೆದ್ದು ಒಂದನ್ನು ಸೋತಿದ್ದರೂ ಸಾಕು, ಎರಡು ತಂಡಗಳ ಲೆಕ್ಕ ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಸಮವಾಗುತ್ತಿತ್ತು.

ಇಂಥ ಪಟ್ಟಿಯನ್ನು ಎರಡನೇ ದರ್ಜೆಯದೆಂದು ಪಕ್ಕಕ್ಕಿಡುವ ದಾಖಲೆಪ್ರಿಯರ ಧೋರಣೆ ಸಹಿಸತಕ್ಕದ್ದಲ್ಲ. 1914ರಲ್ಲಿ ಇಂಡಿಯಾನಾಪೊಲಿಸ್‌ನ ಬೆನ್ನಿ ಕಾಫ್ ಗಳಿಸಿದ .370 ಸರಾಸರಿಯನ್ನು (ಕ್ರಿಕೆಟ್ಟಿನಂತೆ ಔಟಾದ ಸಲಕ್ಕೆ ಎಷ್ಟು ರನ್ ಎಂಬುದಲ್ಲ, ಬ್ಯಾಟಿಗೆ ನಿಂತ ಸಲಗಳಲ್ಲಿ ಎಷ್ಟು ಪಾಲು ಹೊಡೆತ ಫಲಿಸಿತೆಂಬುದು) ಅವರು ಅಗ್ಗದ್ದೆನ್ನುತ್ತಾರೆ. 1916ರಲ್ಲಿ ಸ್ಥಾಪಿತ ಲೀಗುಗಳಲ್ಲೊಂದಾದ ನ್ಯಾಷನಲ್ ಲೀಗಿಗೆ ಹೋದ ಆತ .264ಕ್ಕೆ ಇಳಿದದ್ದೇ ಅವರ ಪುರಾವೆ. ಆದರೆ ಅದೇ ಇಂಡಿಯಾನಾಪೊಲಿಸ್ ತಂಡದಲ್ಲಿ ಆಡಿದ ಎಡ್ ರೌಶ್ 1917 ಮತ್ತು 1919ರಲ್ಲಿ ಅದೇ ನ್ಯಾಷನಲ್ ಲೀಗಿನ ಅತ್ಯುತ್ತಮ ಸರಾಸರಿಯ ಬ್ಯಾಟರ್ ಆದದ್ದು ಅವರ ಕಣ್ಣಿಗೇ ಬೀಳುವುದಿಲ್ಲ. ಒಬ್ಬನ ಇಳಿತವನ್ನು ಎಣಿಸಿ ಇನ್ನೊಬ್ಬನ ಏರಿಕೆಯನ್ನು ಬಿಟ್ಟುಬಿಡುವುದು ಲೆಕ್ಕವಲ್ಲ, ಪೂರ್ವಗ್ರಹ.

1915ರ ಋತುವಿನ ಕಡೆಯ ದಿನವನ್ನಾದರೂ ಅವರು ಒಮ್ಮೆ ಕೂಡಿಕಳೆದು ನೋಡಬೇಕು. ಶಿಕಾಗೊದಲ್ಲಿ ಒಂದೇ ದಿನ ನಡೆದ ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು ಪಿಟ್ಸ್‌ಬರ್ಗ್ ಗೆದ್ದಿತು. ಎರಡನೆಯದನ್ನೂ ಗೆದ್ದಿದ್ದರೆ 87–66ರೊಂದಿಗೆ ಪ್ರಥಮ ಸ್ಥಾನ ಅದರದಾಗುತ್ತಿತ್ತು. ಸೋತದ್ದರಿಂದ ಅದು ಮೂರನೆಯದಕ್ಕೆ ಜಾರಿತು. ಈ ಲೀಗಿನ ತಂಡಕ್ಕೆಂದೇ 1914ರಲ್ಲಿ ಕಟ್ಟಿದ ಆ ಮೈದಾನ ಈಗ ರಿಗ್ಲಿ ಫೀಲ್ಡ್ ಎಂಬ ಹೆಸರಿನಲ್ಲಿದೆ, ಅಲ್ಲಿ ಇಂದಿಗೂ ಮೇಜರ್ ಲೀಗ್ ಪಂದ್ಯಗಳೇ ನಡೆಯುತ್ತವೆ.