ತೋಟಾ ತುಂಬುವವನ ಮೇಜಿನ ಬಳಿ



ಅಮೆರಿಕದ ಒಹಾಯೋ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ನನ್ನ ಗ್ಯಾರೇಜಿನಲ್ಲಿ ನೋಡಿದ್ದನ್ನು ನೀವು ಇನ್ನೂ ಬರೆದೇ ಇಲ್ಲ" ಎಂದು ಆಕ್ಷೇಪಿಸಿದ. ಅಲ್ಲಿನ ನಮ್ಮವರ ಮಕ್ಕಳಿಬ್ಬರು ಹೊಸದಾಗಿ ಅವನ ಹವ್ಯಾಸಕ್ಕೆ ಕೈಹಾಕಿದ್ದಾರಂತೆ. "ನಾನು ಹೇಳಿದರೆ ಅಂಕಲ್ ಕೊರೆಯುತ್ತಾರೆ ಎನ್ನುತ್ತಾರೆ, ಮೇಷ್ಟ್ರು ಹೇಳಿದರೆ ಕೇಳಿಯಾರು" ಎಂಬುದು ಅವನ ನಂಬಿಕೆ. ನಲವತ್ತು ಮಕ್ಕಳ ತರಗತಿಯಲ್ಲಿ ನನ್ನ ಮಾತನ್ನು ಎಷ್ಟು ಜನ ಕೇಳುತ್ತಿದ್ದರೆಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಇರಲಿ.

ಹವ್ಯಾಸವೆಂದರೆ ರಿವಾಲ್ವರಿನ ತೋಟಾಗಳನ್ನು ಮನೆಯಲ್ಲೇ ಮರಳಿ ತುಂಬಿಕೊಳ್ಳುವುದು. ಹೌಹಾರಬೇಡಿ. ಅಲ್ಲಿ ಅದು ನಮ್ಮಲ್ಲಿ ಹಪ್ಪಳ ಸಂಡಿಗೆ ಮಾಡಿಕೊಳ್ಳುವಷ್ಟೇ ಸಾಮಾನ್ಯವಾದ ಗೃಹಕೃತ್ಯ. ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರುವ ವ್ಯಾಪಾರಕ್ಕೆ ಇಳಿದರೆ ಬೇಕು. ಭಾರತದಲ್ಲಿರುವ ನನ್ನ ಓದುಗರಿಗೆ ಒಂದು ಮಾತು: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಇಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯ ವಿಚಾರವೇ ಬೇರೆ. ಆದ್ದರಿಂದ ನೀವು ಇದನ್ನು ಕಥೆಯಾಗಿ ಓದಿಕೊಳ್ಳಿ. ಆ ಹುಡುಗರಿಬ್ಬರು ಮಾತ್ರ ಪಾಠವಾಗಿ ಓದಲಿ.

2018ರ ಅಕ್ಟೋಬರಿನಲ್ಲಿ ಮಗಳ ಮನೆಗೆಂದು ಹೋಗಿದ್ದಾಗ ಈ ಶಿಷ್ಯ ಎರಡು ಗಂಟೆಯ ದಾರಿ ಕಾರೋಡಿಸಿಕೊಂಡು ಬಂದು ನನ್ನನ್ನು ತನ್ನ ಮನೆಗೆ ಕರೆದೊಯ್ದ. ಊಟವಾದ ಮೇಲೆ ಗ್ಯಾರೇಜು ತೋರಿಸಿದ. ಒಂದು ಮೂಲೆಯಲ್ಲಿ ಗಟ್ಟಿಯಾದ ಮರದ ಮೇಜು, ಅದಕ್ಕೆ ಬಿಗಿದ ಉದ್ದ ಹಿಡಿಯ ಒಂದು ಒತ್ತುಯಂತ್ರ, ಒಂದು ತಕ್ಕಡಿ, ದಪ್ಪನೆಯ ಒಂದು ಪುಸ್ತಕ. ಗೋಡೆಯಲ್ಲಿ ಶಾರದೆಯ ಪಟ. ಅಕ್ಕಸಾಲೆಯ ಅಂಗಡಿಗೆ ಹೋದ ಹಾಗಾಯಿತು. ಶನಿವಾರಗಳಂದು ಕ್ಲಬ್ಬಿನ ಮೈದಾನದಲ್ಲಿ ಕಾಗದದ ಗುರಿಗೆ ಹೊಡೆಯುತ್ತಾನೆ. ಅದಕ್ಕೆ ಬೇಕಾದುದನ್ನೆಲ್ಲ ಈ ಮೇಜಿನ ಮೇಲೆ ತಾನೇ ಸಿದ್ಧಪಡಿಸಿಕೊಳ್ಳುತ್ತಾನೆ.

ನನಗೂ ಕೋವಿಯ ಪರಿಚಯ ಅಷ್ಟಿಷ್ಟಿತ್ತು. ಮಲೆನಾಡಿನಲ್ಲಿ ನನ್ನ ಸೋದರಮಾವನ ಬಳಿ ಕೇಪಿನ ಕೋವಿಯೊಂದಿತ್ತು. ಕರಿಮದ್ದನ್ನು ಅವರು ಬಿದಿರಿನ ಸಣ್ಣ ಅಂಡೆಯಲ್ಲಿ ಅಳೆದು ನಳಿಗೆಗೆ ಸುರಿದು, ತೆಂಗಿನ ನಾರು ತುರುಕಿ, ಸಲಾಕೆಯಿಂದ ಗುದ್ದುತ್ತಿದ್ದರು. ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಪಾಲಿನ ಆ ಕರಿಮದ್ದನ್ನು ನಾನು ಮುಂದೆ ರಸಾಯನಶಾಸ್ತ್ರದ ಪಾಠದಲ್ಲಿ ಹೇಳುವಾಗಲೆಲ್ಲ ಮಾವನ ಅಂಡೆಯೇ ಕಣ್ಮುಂದೆ ಬರುತ್ತಿತ್ತು. "ಕಣ್ಣಳತೆ ಸಾಕು ಮಾರಾಯ" ಎನ್ನುವುದು ಅವರ ಶಾಸ್ತ್ರ. ಆ ಶಾಸ್ತ್ರವನ್ನು ನಾನು ಶಿಷ್ಯನ ಮುಂದೆ ಹೇಳಿದೆ. ಅವನು ನಗಲಿಲ್ಲ. "ಇಲ್ಲಿ ಆ ಮಾತು ಪ್ರಾಣ ತೆಗೆಯುತ್ತದೆ ಸಾರ್" ಎಂದ.

ತೋಟಾದಲ್ಲಿ ನಾಲ್ಕು ಅಂಗಗಳು. ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಎಂಬ ಪುಟ್ಟ ಬಟ್ಟಲು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಮೂರು ಮುಗಿದುಹೋಗುತ್ತವೆ, ಕೋಶ ಉಳಿಯುತ್ತದೆ. ನೂರಕ್ಕೆ ಎಪ್ಪತ್ತು ತಾಮ್ರ, ಮೂವತ್ತು ಸತುವಿನ ಈ ಹಿತ್ತಾಳೆ ಹಿಗ್ಗಿ ಕುಗ್ಗುವ ಗುಣದ್ದು; ಬಾಯಿ ಸೀಳುವವರೆಗೆ ಮತ್ತೆ ಮತ್ತೆ ಬಳಸಬಹುದು. ಖರ್ಚು ಉಳಿಯುವುದು ಅದರಿಂದಲೇ.

ಕೆಲಸದ ಕ್ರಮವನ್ನು ಬೇಗ ಹೇಳಿಬಿಡುತ್ತೇನೆ. ಕೋಶಗಳನ್ನು ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಹೊರಳಿಸಿ ಬೆಳಗುವುದು. ಒಂದೊಂದನ್ನೂ ಬೆಳಕಿಗೆ ಹಿಡಿದು, ಬಿರುಕು ಕಂಡದ್ದನ್ನು ಎಸೆಯುವುದು. ಒತ್ತುಯಂತ್ರದ ಅಚ್ಚಿನಲ್ಲಿ ತೂರಿಸಿ ಮೊದಲಿನ ಅಳತೆಗೆ ತರುವುದು, ಹಳೆಯ ಪ್ರೈಮರ್ ಆಗಲೇ ಕಳಚಿ ಬೀಳುತ್ತದೆ. (ಅಚ್ಚು ಟಂಗ್‌ಸ್ಟನ್ ಕಾರ್ಬೈಡಿನದಾದರೆ ರಿವಾಲ್ವರಿನ ನೇರ ಕೋಶಗಳಿಗೆ ಎಣ್ಣೆ ಸವರುವ ರಗಳೆಯಿಲ್ಲ. ಹೊಸಬರು ಅದನ್ನೇ ಕೊಳ್ಳಲಿ ಎಂಬುದು ಅವನ ಮಾತು.) ಬಾಯನ್ನು ತುಸು ಅರಳಿಸುವುದು, ಹೊಸ ಪ್ರೈಮರ್ ಕೂರಿಸುವುದು, ಮದ್ದು ಹಾಕುವುದು, ಗುಂಡು ಕೂರಿಸುವುದು, ಬಾಯನ್ನು ಒಳಕ್ಕೆ ಮಡಿಸಿ ಬಿಗಿಯುವುದು. ಹೊಸಬರು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸರಳ ಯಂತ್ರದಲ್ಲಿ ಕಲಿಯಬೇಕಂತೆ. ಗಂಟೆಗೆ ನೂರಾರು ತೋಟಾ ಉದುರಿಸುವ ಯಂತ್ರಗಳಿವೆ, ಆದರೆ ಅವುಗಳಲ್ಲಿ ನಾಲ್ಕಾರು ಕೆಲಸ ಒಟ್ಟಿಗೆ ನಡೆಯುವುದರಿಂದ ತಪ್ಪು ಎಲ್ಲಿ ಆಯಿತೆಂದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ತೂಕದ ಮಾತು. ಮದ್ದನ್ನು ತೂಗುವುದು ಗ್ರೇನಿನಲ್ಲಿ. ಒಂದು ಪೌಂಡಿಗೆ 7000 ಗ್ರೇನು, ಅಂದರೆ ಒಂದು ಗ್ರೇನು ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲೆಗಳ ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುತ್ತದೆ. ಹಾಗಾದರೆ ಇವನ ಅಳತೆ ಗುಲಗಂಜಿಯ ಅರ್ಧಕ್ಕೆ ತುಸು ಮೇಲು! ಅದರಲ್ಲೂ ಹತ್ತನೆಯ ಒಂದು ಭಾಗವನ್ನು ಲೆಕ್ಕಕ್ಕಿಡುತ್ತಾನೆ. ತಕ್ಕಡಿಯನ್ನು ಪ್ರತಿ ಸಲ ಗೊತ್ತಿರುವ ತೂಕದ ಬೊಟ್ಟಿನಿಂದ ಪರೀಕ್ಷಿಸದೆ ಕೆಲಸ ಶುರುಮಾಡುವುದಿಲ್ಲ. ಯಾವ ಗುಂಡಿಗೆ ಯಾವ ಮದ್ದು ಎಷ್ಟು ಎಂಬುದು ಆ ದಪ್ಪ ಪುಸ್ತಕದಲ್ಲಿದೆ. ಲೈಮನ್, ಹಾರ್ನಡಿ, ಲೀ ಮೊದಲಾದ ಸಂಸ್ಥೆಗಳು ಇಂಥ ಕೈಪಿಡಿಗಳನ್ನು ಮುದ್ರಿಸುತ್ತವೆ. ಅದರಲ್ಲಿ ಆರಂಭದ ಅಳತೆ ಎಂದು ಕೊಟ್ಟಿರುವಲ್ಲಿಂದಲೇ ಹೊರಡಬೇಕು. ಕೊಟ್ಟಿರದಿದ್ದರೆ ಗರಿಷ್ಠ ಅಳತೆಗಿಂತ ನೂರಕ್ಕೆ ಹತ್ತು ಕಡಿಮೆಯಿಂದ. ನಾನು ಇಲ್ಲಿ ಯಾವ ಅಂಕಿಯನ್ನೂ ಬರೆಯುವುದಿಲ್ಲ. ಮೇಷ್ಟ್ರ ಬರಹದಿಂದ ಅಳತೆ ತೆಗೆದುಕೊಳ್ಳುವವನು ಈ ಕೆಲಸಕ್ಕೆ ತಕ್ಕವನಲ್ಲ.

ಆ ದಿನ ತುಂಬುತ್ತಿದ್ದುದು ಪಾಯಿಂಟ್ 38 ಸ್ಪೆಷಲ್ ಎಂಬ ಜಾತಿಯ ತೋಟಾ. ಈ 38 ಎನ್ನುವುದೇ ಸುಳ್ಳು. ಗುಂಡಿನ ಅಡ್ಡಳತೆ ಅಂಗುಲದ ಸಾವಿರದಲ್ಲಿ 357 ಅಥವಾ 358 ಭಾಗ ಮಾತ್ರ. ಇದು ಹುಟ್ಟಿದ್ದು 1898ರಲ್ಲಿ, ಕರಿಮದ್ದಿನ ಕಾಲದ ಕೊನೆಯಲ್ಲಿ. ಕರಿಮದ್ದಿಗೆ ಜಾಗ ಬಹಳ ಬೇಕು, ಆದ್ದರಿಂದ ಕೋಶ ಉದ್ದವಾಗಿದೆ. ಈಗಿನ ಹೊಗೆಯಿಲ್ಲದ ಮದ್ದು ನೈಟ್ರೋಸೆಲ್ಯುಲೋಸಿನದು, ತಳದಲ್ಲಿ ಚಿಟಿಕೆಯಷ್ಟು ಬಿದ್ದರೆ ಸಾಕು. ಅಪಾಯ ಅಡಗಿರುವುದು ಇಲ್ಲೇ. ಒಂದು ಕೋಶಕ್ಕೆ ಮರೆತು ಎರಡು ಸಲ ಮದ್ದು ಸುರಿದರೂ ಅದು ತುಂಬಿ ಚೆಲ್ಲುವುದಿಲ್ಲ. ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ. ಅದರ ಮೇಲೆ ಗುಂಡು ಕೂತಿತೆಂದರೆ ಹೊರಗಿನಿಂದ ಪತ್ತೆಹಚ್ಚುವುದು ಕಷ್ಟ. ಮಾವನ ಕೋವಿಯಲ್ಲಿ ಹೆಚ್ಚು ಮದ್ದೆಂದರೆ ಹೆಚ್ಚು ಹೊಗೆ, ಹೆಗಲಿಗೆ ದೊಡ್ಡ ಗುದ್ದು. ಇಲ್ಲಿ ರಿವಾಲ್ವರಿನ ಉರುಳೆಯೇ ಸಿಡಿದು ಕೈಯಲ್ಲಿ ಚೂರಾಗಬಹುದು.

ಐವತ್ತು ಕುಳಿಗಳ ಮರದ ಹಲಗೆಯಲ್ಲಿ ಐವತ್ತು ಕೋಶಗಳನ್ನು ನಿಲ್ಲಿಸಿಕೊಂಡು, ಕನ್ನಡಕದ ಮೇಲೆ ಇನ್ನೊಂದು ರಕ್ಷಣಾ ಕನ್ನಡಕ ಏರಿಸಿ, ನನಗೂ ಒಂದು ಕೊಟ್ಟು, ಅವನು ಮದ್ದು ಹಾಕಲು ತೊಡಗಿದ. ಒಂದೊಂದಾಗಿ ತುಂಬಿ ಮುಂದಿನ ಸಾಲಿಗೆ ಸರಿಸುತ್ತಿದ್ದ. ಅರ್ಧದಷ್ಟು ಆಗಿತ್ತು. ನಾನು ಏನನ್ನೋ ಕೇಳಿದೆ. ಏನೆಂದು ಈಗ ನೆನಪೂ ಇಲ್ಲ, ಊರಿನ ಯಾರದೋ ಮದುವೆಯ ವಿಷಯವಿರಬೇಕು. ಅವನು ಉತ್ತರಿಸಲಿಲ್ಲ. ಕೈ ನಿಲ್ಲಿಸಿದ. ಹಲಗೆಯನ್ನೊಮ್ಮೆ ನೋಡಿ, ತುಂಬಿದ್ದ ಕೋಶಗಳನ್ನೆಲ್ಲ ಒಂದೊಂದಾಗಿ ಮಗುಚಿ ಮದ್ದನ್ನು ಅಳತೆಯ ಪಾತ್ರೆಗೆ ಹಿಂದಿರುಗಿಸಿದ.

"ಯಾಕಪ್ಪಾ?"

"ನೀವು ಮಾತಾಡಿದಿರಿ ಸಾರ್. ಎಲ್ಲಿದ್ದೆ ಎಂಬುದು ತಪ್ಪಿತು."

ಮತ್ತೆ ಮೊದಲಿನಿಂದ ಆರಂಭಿಸಿದ. ನಾನು ಸುಮ್ಮನೆ ಕುಳಿತೆ. ಅವನ ಎಡಹುಬ್ಬಿನ ಮೇಲಿನ ಕಲೆ ಆಗ ದೀಪದ ಬೆಳಕಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆ ಕಲೆಯ ವಿಷಯ ನಿಮ್ಮಲ್ಲಿ ಕೆಲವರಿಗೆ ತಿಳಿದಿದೆ, ತಪ್ಪಾಗಿ ತಿಳಿದಿದೆ. 1986ರಲ್ಲಿ ಹತ್ತನೆಯ ತರಗತಿಯ ಪ್ರಯೋಗದ ಅವಧಿಯಲ್ಲಿ ಗಂಧಕಾಮ್ಲವನ್ನು ತೆಳುಗೊಳಿಸುವ ಕೆಲಸವನ್ನು ಈ ಹುಡುಗನಿಗೆ ವಹಿಸಿದ್ದೆ. ನೀರಿಗೆ ಆಮ್ಲವನ್ನು ಸುರಿಯಬೇಕು, ಆಮ್ಲಕ್ಕೆ ನೀರನ್ನಲ್ಲ. ಆ ದಿನ ನಾನು ವಾಕ್ಯದ ಅರ್ಧ ಹೇಳುತ್ತಿದ್ದಂತೆ ಬಾಗಿಲಿಗೆ ಸಹೋದ್ಯೋಗಿಯೊಬ್ಬರು ವೇತನದ ಬಾಕಿಯ ಕಾಗದ ಹಿಡಿದುಕೊಂಡು ಬಂದರು. ತಿರುಗಿ ಅವರೊಡನೆ ಮಾತಿಗೆ ನಿಂತೆ. ಎರಡು ನಿಮಿಷವೋ ಮೂರೋ. ಹುಡುಗನ ಕೂಗು ಕೇಳಿ ತಿರುಗಿದಾಗ ಆಮ್ಲ ಕುದಿದು ಚಿಮ್ಮಿತ್ತು. ಕಣ್ಣು ಉಳಿದದ್ದು ಒಂದು ಬೆರಳಿನ ಅಂತರದಲ್ಲಿ. ಸಂಜೆ ಶಾಲೆಯ ವಹಿಯಲ್ಲಿ ಘಟನೆಯ ವಿವರ ಬರೆದವನು ನಾನೇ: ವಿದ್ಯಾರ್ಥಿಯು ಶಿಕ್ಷಕರ ಸೂಚನೆಯನ್ನು ಪಾಲಿಸದ ಕಾರಣ ಎಂದು. ಪೂರ್ತಿ ಹೇಳದ ಸೂಚನೆಯನ್ನು ಪಾಲಿಸುವುದು ಹೇಗೆ? ಆಗ ನನಗೆ ಮೂವತ್ತು ವರ್ಷ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ.

ಐವತ್ತೂ ಕೋಶಗಳು ತುಂಬಿದ ಮೇಲೆ ಅವನಿಗೆ ಇದನ್ನು ಹೇಳಿದೆ. ಮೂವತ್ತೆರಡು ವರ್ಷ ತಡವಾಗಿ.

"ಗೊತ್ತು ಸಾರ್" ಎಂದ. "ಹೆಡ್‌ಮಾಸ್ಟರು ಅದನ್ನು ಅಪ್ಪನಿಗೆ ಓದಿ ಹೇಳಿದ್ದರು. ಅಪ್ಪ ಮನೆಗೆ ಬಂದು ಗಾಯದ ಮೇಲೆ ಎರಡು ಬಿಗಿದರು."

ಬಳಿಕ ಅವನೂ ಸುಮ್ಮನಿದ್ದ, ನಾನೂ ಸುಮ್ಮನಿದ್ದೆ. ಅವನ ಹೆಂಡತಿ ಒಳಗಿನಿಂದ ಕಾಫಿಗೆ ಕರೆದರು. ಅವನು ಮೇಜಿನ ಡ್ರಾಯರಿನಿಂದ ಒಂದು ಸಣ್ಣ ಟಾರ್ಚು ತೆಗೆದು ನನ್ನ ಕೈಗಿಟ್ಟು, "ಎಲ್ಲದರಲ್ಲೂ ಮದ್ದಿನ ಮಟ್ಟ ಒಂದೇ ಇದೆಯೇ ನೋಡಿ ಸಾರ್. ಎರಡನೆಯವರ ಕಣ್ಣು ಬೇಕು" ಎಂದ.

ಪರೀಕ್ಷಾ ಕೊಠಡಿಯಲ್ಲಿ ಉತ್ತರಪತ್ರಿಕೆ ಎಣಿಸುವ ಶ್ರದ್ಧೆಯಿಂದ ಐವತ್ತು ಕೋಶಗಳೊಳಗೂ ಇಣುಕಿದೆ. ಮೂರನೆಯ ಸಾಲಿನಲ್ಲಿ ಒಂದರ ಮಟ್ಟ ಕೂದಲೆಳೆಯಷ್ಟು ಮೇಲೆ ಇದ್ದಂತೆ ತೋರಿತು. ಹೇಳಲು ಸಂಕೋಚವಾಯಿತು, ಆದರೂ ಹೇಳಿದೆ. ಅವನು ಅದನ್ನು ತೆಗೆದು ಮದ್ದನ್ನು ತಕ್ಕಡಿಗೆ ಸುರಿದ. ತೂಕ ಸರಿಯಾಗಿಯೇ ಇತ್ತು. ಕೋಶ ಬೇರೆ ಕಂಪನಿಯದು, ಬುಡ ತುಸು ದಪ್ಪ, ಅದಕ್ಕೇ ಮಟ್ಟ ಮೇಲೆ ಕಂಡಿತು. "ಸುಮ್ಮನೆ ಕೆಲಸ ಕೊಟ್ಟೆ" ಎಂದೆ. "ಒಂದೇ ಕಂಪನಿಯ ಕೋಶಗಳನ್ನು ಆರಿಸಿಕೊಳ್ಳದ್ದು ನನ್ನ ತಪ್ಪು ಸಾರ್" ಎಂದ.

ಹುಡುಗರೇ, ಇನ್ನುಳಿದದ್ದು ನಿಮಗೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿಯಿರಲಿ. ಕೆಲಸ ಮುಗಿದ ಕೂಡಲೇ ಉಳಿದ ಮದ್ದು ಅದರದೇ ಡಬ್ಬಿಗೆ ಹೋಗಬೇಕು. ಹೆಸರು ಗೊತ್ತಿಲ್ಲದ ಮದ್ದು ಎಷ್ಟೇ ದುಬಾರಿಯದಾದರೂ ಚೆಲ್ಲುವ ಮದ್ದೇ. ಪ್ರೈಮರುಗಳನ್ನು ಅವು ಬಂದ ಪೆಟ್ಟಿಗೆಯಲ್ಲೇ ಇಡಿ. ಗಾಜಿನ ಸೀಸೆಗೆ ಒಟ್ಟಿಗೆ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಸಿಡಿಯಬಹುದು. ಅದು ಕೋಶದ ಬುಡಕ್ಕಿಂತ ತುಸು ಒಳಗೇ ಕೂರಬೇಕು, ಬೆರಳು ಸವರಿ ನೋಡಿ. ಉಬ್ಬಿದ್ದರೆ ರಿವಾಲ್ವರಿನ ಉರುಳೆ ತಿರುಗದೆ ಕಚ್ಚಿಕೊಳ್ಳುತ್ತದೆ. ಬಾಯಿಯ ಬಿಗಿತ ಸಾಲದಿದ್ದರೂ ಅದೇ ಗತಿ. ಹೊಡೆತದ ಹಿಮ್ಮೆಟ್ಟಿಗೆ ಉಳಿದ ತೋಟಾಗಳ ಗುಂಡು ಮುಂದೆ ಜಾರಿ ಉರುಳೆಯನ್ನು ತಡೆಯುತ್ತದೆ.

ಮದ್ದು ಹಾಕಲು ಮರೆತದ್ದು ಎರಡು ಸಲ ಹಾಕಿದ್ದಕ್ಕಿಂತ ಕಡಿಮೆ ಅಪಾಯವೆಂದು ತಿಳಿಯಬೇಡಿ. ಪ್ರೈಮರಿನ ಬಲವೊಂದೇ ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ಅಲ್ಲೇ ಸಿಕ್ಕಿಸುತ್ತದೆ. ಎಂದಿನ ಸದ್ದಿನ ಬದಲು ಬರೀ ಟಪ್ ಎನ್ನುತ್ತದೆ. ಆಗ ಏನೇ ಪಂದ್ಯವಿರಲಿ, ಯಾರೇ ನೋಡುತ್ತಿರಲಿ, ಕೈ ನಿಲ್ಲಿಸಿ, ತೋಟಾಗಳನ್ನೆಲ್ಲ ಹೊರತೆಗೆದು ನಳಿಗೆ ತೆರವಾಗಿದೆಯೇ ನೋಡಿ. ಎರಡನೆಯ ಗುಂಡು ಮೊದಲನೆಯದಕ್ಕೆ ಬಡಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಇನ್ನೊಬ್ಬರು ತುಂಬಿದ ತೋಟಾವನ್ನು ನೀವು ಹೊಡೆಯಬೇಡಿ, ನೀವು ತುಂಬಿದ್ದನ್ನು ಸ್ನೇಹಿತನಿಗೆ ಕೊಡಬೇಡಿ. ಪ್ರತಿ ಪೆಟ್ಟಿಗೆಯ ಮೇಲೆ ದಿನಾಂಕ, ಮದ್ದಿನ ಹೆಸರು, ತೂಕ, ಗುಂಡಿನ ತೂಕ ಬರೆಯಿರಿ. ಅವನ ವಹಿಯನ್ನು ನೋಡಿದೆ. ಒಂದು ಪುಟದಲ್ಲಿ, ಅಚ್ಚುಕಟ್ಟಾದ ಅಕ್ಷರದಲ್ಲಿ, "ತಪ್ಪು ನನ್ನದು, ಹನ್ನೆರಡು ತೋಟಾ ಬಿಚ್ಚಿದೆ" ಎಂದು ಕನ್ನಡದಲ್ಲಿ ಬರೆದುಕೊಂಡಿದ್ದ.

ಕೊನೆಯದು, ಕೈ ತೊಳೆಯುವುದು. ಗುಂಡು ಸೀಸದ್ದು, ಬಹುಪಾಲು ಪ್ರೈಮರುಗಳಲ್ಲೂ ಸೀಸದ ಸಂಯುಕ್ತವಿದೆ, ಬಳಸಿದ ಕೋಶ ಬೆಳಗುವಾಗ ಏಳುವ ಧೂಳಿನಲ್ಲೂ ಅದೇ. ಮೇಜಿನ ಬಳಿ ತಿನ್ನುವುದು ಕುಡಿಯುವುದು ಕೂಡದು, ಚಿಕ್ಕ ಮಕ್ಕಳನ್ನಂತೂ ಹತ್ತಿರ ಬಿಡಬಾರದು. ನಾವಿಬ್ಬರೂ ಗ್ಯಾರೇಜಿನ ತೊಟ್ಟಿಯಲ್ಲಿ ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದು ಒಳಗೆ ಹೋದೆವು. ಕಾಫಿ ಆರಿತ್ತು. ಅವನ ಹೆಂಡತಿ ಅದನ್ನು ಮತ್ತೆ ಬಿಸಿಮಾಡಿ ಕೊಟ್ಟರು.